ಸಾರ ಹೆಚ್ಚಾಯ್ತು

ತೊಟ್ಟಿಯ ಮೈಯಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಗಾಜಿನ ಕಿಂಡಿ. ಅದರ ಹಿಂದೆ, ಮೇಲರ್ಧದಲ್ಲಿ, ಕಾಫಿಯ ಗಷ್ಟಿನಂಥ ಕಂದು. ಕೆಳಗಿಳಿದಂತೆ ಆ ಕಂದು ತೆಳುವಾಗಿ, ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗಿ, ಕಡೆಗೆ ಯಾವ ಬಣ್ಣವೆಂದು ಹೇಳಲಾರದ ತಿಳಿಯಾಗಿ ನಿಲ್ಲುತ್ತದೆ. ಆ ತಿಳಿಯ ಅಡಿಯಲ್ಲಿ ಅಕ್ಕಿನುಚ್ಚಿನಂಥ ಬಿಳಿಯ ಕಣಗಳ ಹಾಸು. ಒಂದು ಕಣವೂ ಅಲುಗುವುದಿಲ್ಲ. ಮಾಡಿನ ಸೀಳಿನಿಂದ ಇಳಿದ ಹನ್ನೊಂದು ಗಂಟೆಯ ಬಿಸಿಲು ಗಾಜಿನ ಮೇಲೆ ಓರೆಯಾಗಿ ಕೂತಿದೆ. ಯಾರದೋ ಅಂಗೈ ಒತ್ತಿದ ಗುರುತು, ಐದು ಬೆರಳೂ ಬಿಡಿಬಿಡಿಯಾಗಿ, ಆ ಬಿಸಿಲಿನಲ್ಲಿ ಕಾಣುತ್ತದೆ. ಗಾಜಿನ ಆಚೆ ಹತ್ತು ಸಾವಿರ ಲೀಟರು ನೀರು, ಅದರಲ್ಲಿ ಎಣಿಕೆಗೆ ಸಿಗದಷ್ಟು ಜೀವ. ಆದರೂ ನೋಡುವವನಿಗೆ ಅದು ಗೋಡೆಗೆ ತೂಗುಹಾಕಿದ ಚಿತ್ರ.

ಆ ಚಿತ್ರದ ಮುಂದೆ ನಿಂತಿದ್ದ ಡಾ. ನಚಿಕೇತನ ಮನಸ್ಸು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅವನು ಕೈಗಡಿಯಾರ ನೋಡಿಕೊಂಡ. ಅರೆಗಳಿಗೆ ಬಿಟ್ಟು ಮತ್ತೆ ನೋಡಿಕೊಂಡ.

ಇಸವಿ ಎರಡು ಸಾವಿರದ ಅರವತ್ತೊಂದು. ವಿದ್ಯುತ್ತಿಗೆ ಬಗ್ಗದ ಲಾರಿ, ಹಡಗು, ವಿಮಾನಗಳೆಲ್ಲ ಕಬ್ಬಿನಿಂದಲೂ ಭತ್ತದ ಹುಲ್ಲಿನಿಂದಲೂ ಇಳಿಸಿದ ಎಥನಾಲ್ ಕುಡಿದು ಓಡುತ್ತಿದ್ದ ಕಾಲ. ಒಂದು ಲೀಟರು ಎಥನಾಲ್ ಇಳಿಸಿದರೆ ಹತ್ತು ಹನ್ನೆರಡು ಲೀಟರು ಕರಿನೀರು ಉಳಿಯುತ್ತದೆ. ಅದರಲ್ಲಿರುವುದು ಹುಳಿ, ಸುಟ್ಟ ಸಕ್ಕರೆಯ ಬಣ್ಣ, ಸತ್ತ ಹುದುಗು ಮತ್ತು ನಾತ. ಹಿಂದೆ ಅದನ್ನು ದೊಡ್ಡ ಹೊಂಡಗಳಲ್ಲಿ ನಿಲ್ಲಿಸುತ್ತಿದ್ದರು. ಮಳೆ ಬಂದಾಗ ಹೊಂಡ ಕಾಲುವೆಗೆ ತುಳುಕುತ್ತಿತ್ತು. ಮಂಡ್ಯ ಸೀಮೆಯ ಈ ಹೆಗ್ಗೆರೆಪುರಕ್ಕೆ ಹೆಣ್ಣು ಕೊಡುವವರು ಮೂಗು ಮುಚ್ಚಿಕೊಂಡೇ ಗಂಡು ನೋಡಲು ಬರುತ್ತಿದ್ದರೆಂದು ಹಳಬರು ಈಗಲೂ ನಗುತ್ತಾರೆ.

ಆ ಕರಿನೀರನ್ನೇ ಉಂಡು ಬದುಕುವ ಸೂಕ್ಷ್ಮಾಣುಗಳ ಬಳಗವೊಂದನ್ನು ನಚಿಕೇತ ಬೆಳೆಸಿದ್ದ. ಏಳು ಬಗೆಯ ಬ್ಯಾಕ್ಟೀರಿಯಾಗಳು. ಒಂದು ಉಗುಳಿದ್ದನ್ನು ಇನ್ನೊಂದು ನುಂಗುವ ಅವಿಭಕ್ತ ಕುಟುಂಬ. ಉಂಡದ್ದರಲ್ಲಿ ಒಂದು ಪಾಲನ್ನು ಅವು, ನಮ್ಮ ಮೈ ಕೊಬ್ಬನ್ನು ಕೂಡಿಡುವಂತೆ, ಒಡಲೊಳಗೆ ಬಿಳಿಯ ಕಣಗಳಾಗಿ ಕೂಡಿಡುತ್ತಿದ್ದವು. ಆ ಕಣಗಳನ್ನು ಕರಗಿಸಿ ಎಳೆದರೆ ನೂಲು, ಒತ್ತಿದರೆ ಹಾಳೆ, ಬಿಸಾಡಿದರೆ ಎರಡು ಮಳೆಗಾಲದಲ್ಲಿ ಮಣ್ಣು. ಸುತ್ತಿನ ಆಸ್ಪತ್ರೆಗಳಲ್ಲಿ ಬಾಣಂತಿಯರಿಗೆ ಹಾಕುವ ಹೊಲಿಗೆಯ ನೂಲು ಇಲ್ಲಿಯದು. ಸಂತೆಯಿಂದ ಬದನೆಕಾಯಿ ಹೊತ್ತು ಬರುವ ಚೀಲವೂ ಇಲ್ಲಿಯದು. ಕಾಲುವೆಗೆ ಮೀನು ಮರಳಿತ್ತು. ಮೀನಿನ ಬೆನ್ನಿಗೆ ಬಲೆ, ಬಲೆಯ ಬೆನ್ನಿಗೆ ಜಗಳವೂ ಮರಳಿದ್ದವು. ಕರಿನೀರು ತಿಳಿಗೊಳಿಸುವ ಈ ಘಟಕದ ಹೆಂಗಸರು ಆ ಬಳಗಕ್ಕೆ ಹೆಪ್ಪು ಎಂದು ಹೆಸರಿಟ್ಟಿದ್ದರು. ವಿಜ್ಞಾನದ ಪತ್ರಿಕೆಗಳಲ್ಲಿದ್ದ ಉದ್ದ ಹೆಸರು ಹೆಗ್ಗೆರೆಪುರದ ಗೇಟು ದಾಟಿ ಒಳಗೆ ಬಂದಿರಲೇ ಇಲ್ಲ.

ನಚಿಕೇತನ ಕೀರ್ತಿಗೆ ಕಾರಣವಾದದ್ದು ಕರಿನೀರು ತಿಳಿಯಾದದ್ದಲ್ಲ, ಅದರ ಹಿಂದಿನ ಒಂದು ಸೋಜಿಗ. ಬ್ಯಾಕ್ಟೀರಿಯಾಗಳು ಕೊಬ್ಬು ಕೂಡಿಡುವುದು ಅಭಾವದಲ್ಲಿ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಸಕ್ಕರೆ ಧಾರಾಳವಿದ್ದು, ಮೈ ಬೆಳೆಸಲು ಬೇಕಾದ ಸಾರಜನಕ ಸಾಲದೆ ಬಂದಾಗ, ಅವು ಬೆಳೆಯಲಾರದೆ ನಾಳೆಗೆಂದು ಕೂಡಿಡುತ್ತವೆ. ಹೆಗ್ಗೆರೆಪುರದ ಆರು ವರ್ಷಗಳ ದಾಖಲೆ ಇದಕ್ಕೆ ತದ್ವಿರುದ್ಧವಾಗಿತ್ತು. ಸಾರಜನಕ ಹೆಚ್ಚಿದ್ದಾಗಲೆಲ್ಲ ಬಿಳಿಯ ಕಣಗಳು ಮೂರು ಪಟ್ಟು. ‘ತುಂಬಿದ ಮನೆಯಲ್ಲೂ ಕೂಡಿಡುವ ಜೀವ’ ಎಂದು ಪತ್ರಿಕೆಗಳು ಬರೆದವು. ಪ್ರಶಸ್ತಿಗಳು ಬಂದವು. ಈ ವಿಧಾನವನ್ನು ದೇಶದ ನಲವತ್ತು ಕಾರ್ಖಾನೆಗಳಿಗೆ ಒಪ್ಪಿಸುವ ಪತ್ರಕ್ಕೆ ಅವನು ಇವತ್ತು ಮಧ್ಯಾಹ್ನ ಹನ್ನೆರಡು ಗಂಟೆಗೆ, ಪಕ್ಕದ ಕಟ್ಟಡದ ಸಭಾಂಗಣದಲ್ಲಿ, ಸಹಿ ಹಾಕಬೇಕಿತ್ತು.

ಆದರೆ ಅವನ ಮೇಜಿನ ಒಂದು ಖಾನೆಯಲ್ಲಿ ಯಾರಿಗೂ ತೋರಿಸದ ನಾಲ್ಕು ವರದಿಗಳಿದ್ದವು. ಅದೇ ಬಳಗವನ್ನು ತನ್ನ ಪ್ರಯೋಗಶಾಲೆಯ ಸೀಸೆಗಳಲ್ಲಿ ಸಾರಜನಕ ಸುರಿದು ಬೆಳೆಸಿದಾಗ, ನಾಲ್ಕು ಸಲವೂ ಒಂದು ಚಿಟಿಕೆ ಕಣವೂ ಬಂದಿರಲಿಲ್ಲ. ಸೀಸೆಯೇ ಬೇರೆ, ತೊಟ್ಟಿಯೇ ಬೇರೆ ಎಂದು ತನಗೆ ತಾನೇ ಹೇಳಿಕೊಂಡು ಅವನು ಖಾನೆ ಮುಚ್ಚಿದ್ದ. ಹೋದ ತಿಂಗಳು ತೊರೆಶೆಟ್ಟಿಪುರದಲ್ಲಿ, ಈ ವಿಧಾನದ ಬಗ್ಗೆ ಅವನು ಬರೆದ ಪುಸ್ತಕದ ಪ್ರಕಾರ ಕಟ್ಟಿದ ಎರಡನೆಯ ಘಟಕ ಶುರುವಾಯಿತು. ಎಂಟನೆಯ ದಿನ ತೊಟ್ಟಿಗಳು ನೊರೆ ಕಾರಿ ತುಳುಕಿದವು. ಕಾಲುವೆಯ ಮೂರು ಮೈಲಿ ಉದ್ದಕ್ಕೂ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ತೊಟ್ಟಿ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಅಜಾಗರೂಕತೆಯ ಆರೋಪದ ಮೇಲೆ ಕೆಲಸದಿಂದ ತೆಗೆದರು. ಆ ಸುದ್ದಿ ಓದಿದ ಮೇಲೆ ನಚಿಕೇತನಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಸಹಿಗೆ ಮುಂಚೆ ಒಮ್ಮೆ ತೊಟ್ಟಿಯನ್ನು ಕಣ್ಣಾರೆ ನೋಡಬೇಕೆಂದು, ಆರು ವರ್ಷದ ಮೇಲೆ ಮೊದಲ ಬಾರಿಗೆ, ಒಬ್ಬನೇ ಇಲ್ಲಿಗೆ ಬಂದಿದ್ದ.

“ಬಂದು ಒಂದ್ ಗಂಟೆ ಆಯ್ತಂತೆ. ಒಂದ್ ಲೋಟ ನೀರಾರ ಕುಡಿಬಾರ್ದಾ ಸಾ?”

ಹಿಂತಿರುಗಿದ. ಐವತ್ತು ದಾಟಿದ ಹೆಂಗಸು. ತಲೆಗೆ ಬಿಗಿದ ಬಿಳಿಯ ಬಟ್ಟೆ, ಮೊಣಕೈಯತ್ತ ಏರಿಸಿಕೊಂಡ ಬಳೆ, ಕೈಯಲ್ಲಿ ಸ್ಟೀಲಿನ ಲೋಟ. ಎದೆಯ ಮೇಲಿನ ಪಟ್ಟಿಯಲ್ಲಿ ‘ರಕ್ಷಿತಮ್ಮ, ಎರಡನೇ ತೊಟ್ಟಿ’ ಎಂದಿತ್ತು.

“ನೀವೇ ಅಲ್ವಾ ಬಾಗ್ಲು ತಾವ ಪಟದಲ್ಲಿರೋರು? ಪಟದಲ್ಲಿ ಕೂದ್ಲು ಜಾಸ್ತಿ ಅವೆ.”

“ಪಟ ಹಳೆಯದಮ್ಮ.”

“ಪಟ ಎಲ್ ಹಳೇದಾದದು ಬುಡಿ. ಹಳಬ್ರಾಗೋರು ನಾವು.”

ನಚಿಕೇತ ನಕ್ಕು ನೀರು ಕುಡಿದ. ನಗು ಬೇಗ ಇಂಗಿತು. “ನಾನು ತೊರೆಶೆಟ್ಟಿಪುರದ ವಿಷಯ ಕೇಳೋಣವೆಂದು ಬಂದೆ. ಅಲ್ಲಿ ಸಿಂಚನಾ ಎಂಬಾಕೆ...”

“ನನ್ ತಂಗಿ,” ಎಂದಳು ರಕ್ಷಿತಮ್ಮ. ದನಿಯಲ್ಲಿದ್ದ ತಮಾಷೆ ಬತ್ತಿಹೋಯಿತು. “ಒಂದೇ ಹೊಟ್ಟೇಲಿ ಹುಟ್ದೋಳು. ಎಂಟೇ ದಿನಕ್ಕೆ ಮನೇಗ್ ಕಳ್ಸುದ್ರು. ಅಜಾಗರೂಕತೆಯಂತೆ. ಆ ಪದವ ಬರಿಯಕೂ ಬರಕಿಲ್ಲ ಅವ್ಳಿಗೆ, ಮಾಡಕ್ ಬತ್ತದಾ? ಊರೋರು ಮೀನ್ ಸಾಯ್ಸ್‌ದೋಳು ಅಂತಾರೆ. ಅಂಗ್ಡಿಗೂ ಹೋಗಕಿಲ್ಲ ಈಗ.”

“ಅವರು ಏನು ಮಾಡಿದರೆಂದು ನಿಮಗೆ ಗೊತ್ತೆ?”

“ನೀವು ಬುಕ್ಕಲ್ಲಿ ಬರ್ದಂಗೇ ಮಾಡುದ್ಲು. ಸಾರ ಒಂದ್ ಗಳಿಗೆನೂ ತಪ್ಪುಸ್ಬಾರ್ದು, ತುಂಬಿ ತುಳುಕ್ತಿರ್ಬೇಕು ಅಂತ ಬರ್ದಿದ್ರಂತಲ್ಲ.” ಸಾರಜನಕದ ದ್ರಾವಣವನ್ನು ಇಲ್ಲಿಯವರು ಸಾರ ಎಂದು ಚಿಕ್ಕದಾಗಿ ಕರೆಯುತ್ತಿದ್ದರು. “ಅಕ್ಕಾ, ನಿಮ್ಮಲ್ಲೂ ಇಂಗೇನಾ ಅಂತ ಫೋನ್ ಮಾಡುದ್ಲು. ನಮ್ಮಲ್ಲಿ ಯಾವತ್ತು ತುಂಬಿತ್ತವ್ವ ಅಂದೆ. ಬುಕ್ಕಲ್ ಬರ್ದದೆ, ನೀನ್ ಸುಳ್ ಹೇಳ್ತಿದ್ದೀ ಅಂದ್‌ಬುಟ್ಲು.”

“ಇಲ್ಲಿಯ ದಾಖಲೆಯನ್ನು ನಾನೇ ಓದಿದ್ದೇನಮ್ಮ. ಆರು ವರ್ಷ, ಗಂಟೆಗೊಂದರಂತೆ. ಸಾರಜನಕ ಹೆಚ್ಚು ಎಂದೇ ಇದೆ.”

“ಓದ್ದೋರು ನೀವು. ಹೇಳ್ದೋಳು ನಾನು. ಇಬ್ರೂ ಇಲ್ಲೇ ಇದ್ದೀವಿ ನೋಡಿ,” ಎಂದಳು ಅವಳು.

ಅಷ್ಟರಲ್ಲಿ ತೊಟ್ಟಿಯ ಪಕ್ಕದ ಹಿತ್ತಾಳೆ ಬಿಲ್ಲೆ ಮೆಲ್ಲನೆ ಗುಂಯ್‌ಗುಟ್ಟಿತು. ಕೆಲಸದವರು ಅದನ್ನು ಕಿವಿ ಎನ್ನುತ್ತಿದ್ದರು. ಕರಿನೀರಿನಲ್ಲಿ ಇಳಿಬಿಟ್ಟ ಅಳತೆಯ ಕಡ್ಡಿಗಳೆಲ್ಲ ವಾರದೊಳಗೆ ಲೋಳೆ ಕಟ್ಟಿ ಕುರುಡಾಗುತ್ತಿದ್ದುದರಿಂದ, ತೊಟ್ಟಿಯ ಸ್ಥಿತಿಯನ್ನು ಗಂಟೆಗೊಮ್ಮೆ ಕಣ್ಣು ಮೂಗಿನಿಂದ ಅರಿತು ಬಾಯಿಂದ ಹೇಳುವ ಏರ್ಪಾಡು ಮಾಡಿದ್ದರು. ಹೇಳಿದ್ದನ್ನು ಕಿವಿ ಅಂಕಿಯಾಗಿಸಿ ದಾಖಲೆಗೆ ಸೇರಿಸುತ್ತಿತ್ತು. ಸಾರದ ಪೀಪಾಯಿಗೆ ದ್ರಾವಣ ತುಂಬುವ ಕವಾಟವೂ ಅದರ ಹಿಡಿತದಲ್ಲೇ ಇತ್ತು. ಕಿವಿಯಿರುವಾಗ ಕಣ್ಣೇಕೆಂದು ಪೀಪಾಯಿಯ ಮಟ್ಟ ತೋರಿಸುವ ಸಾಧನವನ್ನು ಯಾರೂ ಕೂರಿಸಿರಲಿಲ್ಲ.

ರಕ್ಷಿತಮ್ಮ ತೊಟ್ಟಿಯ ಬಾಯಿಗೆ ಮುಖ ಒಯ್ದು ಉಸಿರೆಳೆದಳು. ಪೀಪಾಯಿಯನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿದಳು. ಡಣ್ ಡಣ್ ಎಂದು ಅದು ಟೊಳ್ಳಾಗಿ ಸದ್ದು ಮಾಡಿತು. ಅನಂತರ ಬಿಲ್ಲೆಯತ್ತ ಬಾಗಿ, ಶಾಲೆಯ ಹುಡುಗಿ ಪಾಠ ಒಪ್ಪಿಸುವಂತೆ ಹೇಳಿದಳು: “ಎರಡನೇ ತೊಟ್ಟಿ. ಹೆಪ್ಪು ಚೆಂದಾಗದೆ. ವಾಸ್ನೆ ಹುಳಿ. ನೊರೆ ಇಲ್ಲ. ಸಾರ ಹೆಚ್ಚಾಯ್ತು.”

ಬಿಲ್ಲೆಯ ಮೇಲಿನ ಪುಟ್ಟ ಪರದೆಯಲ್ಲಿ ಅಕ್ಷರಗಳು ಮೂಡಿದವು: ‘ಸಾರಜನಕ: ಹೆಚ್ಚು. ಪೂರೈಕೆ ಹನ್ನೆರಡು ಗಂಟೆ ಕಾಲ ಸ್ಥಗಿತ.’ ಎಲ್ಲೋ ಗೋಡೆಯೊಳಗೆ ಕವಾಟ ಟಕ್ಕೆಂದು ಮುಚ್ಚಿತು.

ನಚಿಕೇತ ಪರದೆಯನ್ನು ನೋಡಿದ. ಪೀಪಾಯಿಯನ್ನು ನೋಡಿದ. ಹತ್ತಿರ ಹೋಗಿ ತಾನೂ ಒಮ್ಮೆ ತಟ್ಟಿದ. ಮುಚ್ಚಳ ತೆಗೆದು ಒಳಗೆ ಇಣುಕಿದ. ತಳದಲ್ಲಿ ಒಂದು ಬೊಗಸೆಯಷ್ಟು ದ್ರಾವಣವೂ ಇರಲಿಲ್ಲ.

“ಇದರಲ್ಲಿ ಏನೂ ಇಲ್ಲವಲ್ಲ.”

“ಅದ್ಕೇ ಹೇಳುದ್ನಲ್ಲ ಸಾ, ಹೆಚ್ಚಾಯ್ತು ಅಂತ.”

“ಮುಗಿಯಿತು ಎಂದು ಏಕೆ ಹೇಳಲಿಲ್ಲ?”

ರಕ್ಷಿತಮ್ಮ ಗಾಬರಿಯಿಂದ ತೊಟ್ಟಿಯ ಕಡೆ ನೋಡಿದಳು, ಅದಕ್ಕೆಲ್ಲಿ ಕೇಳಿಸಿತೋ ಎಂಬಂತೆ. “ಬುಡ್ತು ಅನ್ನಿ. ಉಣ್ಣೋ ವಸ್ತುವ ಹಂಗನ್ಬಾರ್ದು. ಅಕ್ಕಿ ಇಲ್ಲ, ಎಣ್ಣೆ ಇಲ್ಲ ಅಂತ ಬಾಯ್ಬುಟ್ಟು ಹೇಳುದ್ರೆ ನಿಜ್ವಾಗ್ಲೂ ಇಲ್ದಂಗಾಯ್ತದೆ. ನಿಮ್ಮನೇಲಿ ಯಾರೂ ಹೇಳ್‌ಕೊಡ್ನಿಲ್ವಾ?”

ಹೇಳಿಕೊಟ್ಟಿದ್ದರು. ನಚಿಕೇತ ಪೀಪಾಯಿಯ ಅಂಚು ಹಿಡಿದುಕೊಂಡ. ನಲವತ್ತು ವರ್ಷಗಳ ಆಚೆ, ಅವನು ಕಾಲೇಜಿನಲ್ಲಿದ್ದಾಗ, ಅವನ ತಾಯಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಖಾಲಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೇಳುತ್ತಿದ್ದಳು: ಅಕ್ಕಿ ಹೆಚ್ಚಾಗಿದೆ, ಅಂಗಡಿಗೆ ಹೋಗಿ ಬಾ. ಆಗ ಅವನು ಒಂದು ದಿನವಾದರೂ ಡಬ್ಬಿ ತುಂಬಿದೆಯೆಂದು ತಿಳಿದವನಲ್ಲ; ಮರುಮಾತಾಡದೆ ಚೀಲ ಹಿಡಿದು ಹೊರಟವನು. ಇಲ್ಲವೆಂಬುದನ್ನು ಇದೆಯೆಂಬಂತೆ ಹೇಳಿ, ಇಲ್ಲದ ಮನೆಯಲ್ಲೂ ಇರುವಿಕೆಯ ಮರ್ಯಾದೆಯನ್ನು ಉಳಿಸುವ ಆ ಮಾತು ಅವನ ಎಲುಬಿನಲ್ಲಿತ್ತು. ಕಿವಿಗೆ ಅದನ್ನು ಕಲಿಸಿದವರಿರಲಿಲ್ಲ. ಅದು ಕನ್ನಡ ಕಲಿತದ್ದು ಅವನು ಹುಡುಗನಾಗಿದ್ದ ಕಾಲದ ಪುಸ್ತಕ, ಪತ್ರಿಕೆ, ಸರ್ಕಾರಿ ಸುತ್ತೋಲೆಗಳಿಂದ. ಆ ದಿನಗಳಲ್ಲಿ ಯಂತ್ರಗಳಿಗೆ ಲಕ್ಷಾಂತರ ಪುಟ ಉಣಿಸಿದವರು ಯಾರೂ ಅವನ ತಾಯಿಯ ಹೊಸ್ತಿಲಿಗೆ ಬಂದು ಅರೆಗಳಿಗೆ ನಿಂತಿರಲಿಲ್ಲ. ಹೋಗಲಿ, ತಾನು? ಆರು ವರ್ಷ ಅಂಕಿಗಳನ್ನು ಓದಿದ ತಾನು ಒಂದೇ ಒಂದು ಬೆಳಿಗ್ಗೆ ಇಲ್ಲಿ ನಿಂತು ಈ ದನಿಯನ್ನು ಕೇಳಿದ್ದರೆ ಸಾಕಿತ್ತು.

ಎಲ್ಲವೂ ಈಗ ತಾನಾಗಿ ಬಿಡಿಸಿಕೊಂಡಿತು. ಇವರು ಮುಗಿಯಿತು ಎಂಬರ್ಥದಲ್ಲಿ ಹೆಚ್ಚಾಯ್ತು ಎಂದಾಗಲೆಲ್ಲ ಯಂತ್ರ ತುಂಬಿದೆ ಎಂದು ಬರೆದುಕೊಂಡು ಪೂರೈಕೆ ನಿಲ್ಲಿಸಿದೆ. ಅರ್ಧ ದಿನ ಸಾರಜನಕವಿಲ್ಲದೆ ಹಸಿದ ಜೀವಗಳು ಬೆದರಿ, ಪಠ್ಯಪುಸ್ತಕ ಹೇಳುವಂತೆಯೇ, ಕೂಡಿಟ್ಟಿವೆ. ಸೋಜಿಗವೇನೂ ಇರಲಿಲ್ಲ. ಆ ನಾಲ್ಕು ವರದಿಗಳೇ ಸರಿಯಾಗಿದ್ದವು.

“ಯಂತ್ರ ಸಾರ ನಿಲ್ಲಿಸಿದಾಗ ನಿಮಗೆ ಏನೂ ಅನ್ನಿಸಲಿಲ್ಲವೆ?” ಎಂದು ಕೇಳಿದ.

“ಅದೇ ಪದ್ಧತಿ ಅನ್ಕಂಡೊ. ಉಪಾಸ ಅಂತೀವಿ ನಾವು. ಸಾರ ನಿಂತ್ಮೇಲೆ ಒಂಬತ್ ಗಂಟೆ ಹೊತ್ತು ಚೆಂದಾಗಿರ್ತದೆ. ಹತ್ತಾದ್ಮೇಲೆ ವಾಸ್ನೆ ತಿರುಗ್ತದೆ, ಹಸ್ದ ಕೂಸಿನ ಬಾಯಿ ಇರ್ತದಲ್ಲ, ಹಂಗೆ. ಆಗ ಕ್ಯಾಂಟೀನಿಂದ ಎರಡ್ ಬಕೀಟು ಹುಳ್ಳಿ ಬೇಯ್ಸಿದ ಕಟ್ಟು ತಂದು ಹುಯ್ತೀವಿ. ಬಯ್ಯಬೇಡಿ. ಹುಯ್ದೇ ಇದ್ರೆ ಬೆಳಿಗ್ಗೆಗೆ ಎಲ್ಲ ಕಪ್ಪಗಾಗಿ ತಳ ಸೇರ್ತವೆ. ಮೊದ್ಲು ಎರಡ್ ಕಿತ ಹಂಗೇ ಆಗಿತ್ತು.”

ನಚಿಕೇತ ಬಯ್ಯಲಿಲ್ಲ. ಹುರುಳಿಯ ಕಟ್ಟು ಎಂದರೆ ಸಾರಜನಕವೇ. ಸಾಯದಂತೆ ಹಸಿಸುವುದೆಷ್ಟು, ಹಸಿದದ್ದಕ್ಕೆ ಉಣಿಸುವುದೆಷ್ಟು ಎಂಬ ಲೆಕ್ಕ ಈ ಹೆಂಗಸರ ಮೂಗಿನಲ್ಲಿತ್ತು, ಅವನ ಇನ್ನೂರು ಪುಟದ ಪುಸ್ತಕದಲ್ಲಿರಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಘಟಕದ ಮುಖ್ಯಸ್ಥ ಇಶಾನ್ ಗೌಡ ಕಡತ ಹಿಡಿದು ಬಂದ. ಮೂವತ್ತೈದರ ಚುರುಕು ಮನುಷ್ಯ. ನಡೆಯುವಾಗಲೂ ಯಾರಿಗೋ ಉತ್ತರ ಕೊಡುತ್ತಿರುವಂತೆ ತುಟಿ ಅಲುಗುತ್ತಿತ್ತು.

“ಸರ್, ನಲವತ್ತು ಕಂಪನಿಯವರೂ ಬಂದಾಯ್ತು. ಮಂತ್ರಿಗಳ ಕಡೆಯವರೂ ಕೂತಿದಾರೆ. ಬನ್ನಿ, ಒಂದು ಸಹಿ, ಆಮೇಲೆ ಊಟ.”

ನಚಿಕೇತ ಪೀಪಾಯಿಯ ಪಕ್ಕದಿಂದ ಅಲುಗದೆ ನಡೆದದ್ದನ್ನೆಲ್ಲ ಹೇಳಿದ. ಇಶಾನ್ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಖಾಲಿ ಪೀಪಾಯಿಯೊಳಗೆ ಇಣುಕಿದ. ಮುಖ ಎತ್ತಿದಾಗ ಅವನ ಕಣ್ಣು ಹೊಳೆಯುತ್ತಿತ್ತು.

“ಅಂದ್ರೆ ಸರ್, ಸಾರಜನಕ ಕೊಡೋದೇ ಬೇಡ! ಇನ್ನೂ ಒಳ್ಳೇದಾಯ್ತಲ್ಲ. ಹನ್ನೆರಡು ಗಂಟೆ ಹಸಿಸಿದ್ರೆ ಮೂರು ಪಟ್ಟು. ಇಪ್ಪತ್ನಾಲ್ಕು ಹಸಿಸಿದ್ರೆ?”

“ಸಾಯ್ತವೆ,” ಎಂದಳು ರಕ್ಷಿತಮ್ಮ.

“ನೀವು ಸ್ವಲ್ಪ ಸುಮ್ನಿರಿ ಅಮ್ಮ.”

“ಸುಮ್ನಿದ್ದಿದ್ಕೇ ಅಲ್ವಾ ಸಾ, ಇವ್ರು ಆರು ವರ್ಸ ತಪ್ ತಪ್ಪಾಗ್ ಬರ್ದಿದ್ದು?”

ಇಶಾನ್ ಅವಳ ಕಡೆ ತಿರುಗಲಿಲ್ಲ. ದನಿ ತಗ್ಗಿಸಿ ನಚಿಕೇತನಿಗೆ ಹೇಳಿದ: “ಇವತ್ತು ಸಹಿ ಹಾಕಿಬಿಡಿ ಸರ್. ಆರು ತಿಂಗಳು ಬಿಟ್ಟು ಒಂದು ತಿದ್ದುಪಡಿ ಕಳಿಸೋಣ. ಸಂಶೋಧನೆ ಮುಂದುವರೀತಿದೆ, ಹೊಸ ಅಂಶ ಕಂಡುಬಂದಿದೆ ಅಂತ. ನಿಮ್ಮ ಹೆಸರಿಗೂ ಏನೂ ಆಗಲ್ಲ.”

“ಆ ಆರು ತಿಂಗಳಲ್ಲಿ ನಲವತ್ತು ಕಾಲುವೆಗಳಿಗೆ ಆಗುವುದು?”

“ತೊರೆಶೆಟ್ಟಿಪುರದ್ದು ಕೆಲಸದವರ ತಪ್ಪು ಅಂತ ವರದಿ ಬಂದಾಗಿದೆ ಸರ್. ಅದು ಮುಗಿದ ಕತೆ.”

ನಚಿಕೇತ ಕಡತಕ್ಕೆ ಕೈ ಚಾಚಿದ. ಇಶಾನ್ ನಿಟ್ಟುಸಿರಿಟ್ಟು ಲೇಖನಿಯನ್ನೂ ಕೊಟ್ಟ. ಒಪ್ಪಿಗೆ ಪತ್ರದ ಮೊದಲ ಪುಟದಲ್ಲಿ, ತನ್ನ ಹೆಸರಿನ ಮೇಲೆ ಬಿಟ್ಟಿದ್ದ ಖಾಲಿ ಜಾಗದಲ್ಲಿ, ನಚಿಕೇತ ಪೀಪಾಯಿಯ ಮುಚ್ಚಳವನ್ನೇ ಮೇಜಾಗಿಸಿಕೊಂಡು ನಿಧಾನವಾಗಿ ಬರೆದ: ‘ಈ ವಿಧಾನವನ್ನು ಹಿಂದಕ್ಕೆ ಪಡೆದಿದ್ದೇನೆ. ಸಾರಜನಕ ಹೆಚ್ಚು ಎಂದಿರುವಲ್ಲೆಲ್ಲ ಸಾರಜನಕ ಮುಗಿದಿದೆ ಎಂದು ಓದಿಕೊಳ್ಳತಕ್ಕದ್ದು. ನನ್ನ ಪ್ರಯೋಗಶಾಲೆ ಇದನ್ನು ನಾಲ್ಕು ಸಲ ತೋರಿಸಿತ್ತು, ನಾನು ಮುಚ್ಚಿಟ್ಟೆ. ತೊರೆಶೆಟ್ಟಿಪುರದಲ್ಲಿ ಆದದ್ದು ಸಿಂಚನಾ ಅವರ ತಪ್ಪಲ್ಲ, ನನ್ನದು.’ ಅದರ ಕೆಳಗೆ ಸಹಿ ಹಾಕಿದ.

ಇಶಾನ್ ಓದಿದ. ಅವನ ತುಟಿ ಅಲುಗುವುದು ನಿಂತಿತು. “ಇದನ್ನ ನಾನು ಅಲ್ಲಿ ಓದಲಾರೆ ಸರ್,” ಎಂದ. ಅದರಲ್ಲಿ ಕೋಪ ಇರಲಿಲ್ಲ, ದಿಗಿಲಿತ್ತು.

“ನೀವು ಓದುವುದು ಬೇಡ.”

ನಾನೇ ಹೋಗುತ್ತೇನೆ ಎನ್ನಲು ನಚಿಕೇತ ಬಾಯಿ ತೆರೆದ. ತೆರೆದವನು ಹಾಗೇ ನಿಂತ. ಆ ಸಭೆಯಲ್ಲಿ ತಾನು ಹಸಿವು ಎನ್ನುವುದನ್ನು ಅವರು ಅಂಕಿಯೆಂದು ಕೇಳಿಸಿಕೊಳ್ಳುತ್ತಾರೆ. ಹನ್ನೆರಡು ಎಂದರೆ ಹದಿನಾಲ್ಕು, ಹದಿನಾಲ್ಕು ಎಂದರೆ ಇಪ್ಪತ್ತು. ಇಶಾನನ ಕಣ್ಣಿನ ಹೊಳಪು ಅಲ್ಲಿ ನಲವತ್ತು ಜೋಡಿ ಕಣ್ಣುಗಳಲ್ಲಿರುತ್ತದೆ. ಇದು ಈ ಒಂದು ತೊಟ್ಟಿಯ ಮಾತಷ್ಟೇ ಆಗಿರಲಿಲ್ಲ ಎನ್ನಿಸಿತು ಅವನಿಗೆ. ಅವನ ಯೌವನದಲ್ಲಿ ಎಷ್ಟು ಕೊಳವೆಬಾವಿಗಳು, ಎಷ್ಟು ಕೆರೆಯಂಗಳಗಳು, ವರ್ಷಕ್ಕೆ ಮೂರು ಬೆಳೆ ಕೊಟ್ಟು ದಣಿದ ಎಷ್ಟು ಗದ್ದೆಗಳು ಇದೇ ವಿನಯದಿಂದ ಹೆಚ್ಚಾಯ್ತು, ಹೆಚ್ಚಾಯ್ತು ಎಂದಿದ್ದವೋ. ಬರೆದುಕೊಳ್ಳುತ್ತಿದ್ದವರು ಆ ಮಾತನ್ನು ಬೆಳವಣಿಗೆಯ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದರು. ಆಗಲೂ ಹೊಸ್ತಿಲಲ್ಲಿ ಖಾಲಿ ಡಬ್ಬಿ ಹಿಡಿದು ಯಾರೋ ನಿಂತೇ ಇದ್ದರು. ಡಬ್ಬಿಯನ್ನು ಯಾರೂ ತಟ್ಟಿ ನೋಡಲಿಲ್ಲ.

“ರಕ್ಷಿತಮ್ಮ, ನೀವು ಹೋಗಿ ಹೇಳುತ್ತೀರಾ?”

“ನಾನಾ?” ಅವಳು ಎರಡು ಹೆಜ್ಜೆ ಹಿಂದೆ ಸರಿದಳು. “ಆ ಕೋಟಿನೋರ್ ಮುಂದೆ ನಾನೇನ್ ಹೇಳ್ಲಿ?”

“ಈ ಕಾಗದ ಕೊಡಿ. ಆಮೇಲೆ ಒಂಬತ್ತು ಗಂಟೆಯ ವಾಸನೆ, ಹತ್ತು ಗಂಟೆಯ ವಾಸನೆ, ಹುರುಳಿ ಕಟ್ಟು, ಕಪ್ಪಗಾದ ಬೆಳಿಗ್ಗೆ. ನನಗೆ ಹೇಳಿದಂತೆಯೇ ಹೇಳಿ. ಎಲ್ಲಿಯವರೆಗೆ ಹಸಿಸಬಹುದು ಎನ್ನುವುದಲ್ಲ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹೇಳಿ. ಅದು ನನಗೆ ಗೊತ್ತಿಲ್ಲ.”

“ನಂಬ್ತಾರಾ?”

“ನಂಬದಿದ್ದರೆ ಎಲ್ಲರನ್ನೂ ಇಲ್ಲಿಗೆ ಕರೆತನ್ನಿ. ಮೂಸಿ ನೋಡಲಿ.”

ರಕ್ಷಿತಮ್ಮನಿಗೆ ನಗು ಬಂತು. ತಡೆದುಕೊಂಡಳು. ಕಾಗದ ಇಸಿದುಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸಿ, ತಂಗಿಯ ಹೆಸರಿದ್ದ ಜಾಗ ಹುಡುಕಿ ಅಲ್ಲಿ ಬೆರಳು ನಿಲ್ಲಿಸಿದಳು. “ಇದು ಅವ್ಳ ಹೆಸ್ರೇ ಅಲ್ವಾ?”

“ಹೌದು.”

“ಜೋರಾಗಿ ಓದುಸ್ತೀನಿ ಹಂಗಾರೆ. ಮೈಕಲ್ಲಿ.” ತೊಟ್ಟಿಯತ್ತ ನೋಡಿದಳು. “ಇದ್ನ ಯಾರ್ ನೋಡ್ಕತಾರೆ?”

“ನಾನು.”

“ನಿಮ್ಗೇನ್ ತಿಳಿತದೆ ಸಾ?”

“ಏನೂ ತಿಳಿಯದು. ನೀವು ಬರುವವರೆಗೆ ಏನನ್ನೂ ಮುಟ್ಟುವುದಿಲ್ಲ.”

“ಅದೂ ಒಂದ್ ಕೆಲ್ಸವೇ ಬುಡಿ,” ಎಂದಳು ಅವಳು. “ಎಲ್ರಿಗೂ ಬರಕಿಲ್ಲ.”

ಇಶಾನ್ ಆಗಲೇ ಹೊರಗೆ ಯಾರೊಂದಿಗೋ ಏರುದನಿಯಲ್ಲಿ ಮಾತಾಡುತ್ತ ಓಡಾಡುತ್ತಿದ್ದ. ರಕ್ಷಿತಮ್ಮ ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು. ತಲೆಯ ಬಟ್ಟೆ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಎರಡೂ ಅಂಗೈಗಳಿಂದ ಕೂದಲು ಒತ್ತಿ ಸರಿಮಾಡಿಕೊಂಡಳು. ಬಳೆಗಳನ್ನು ಮಣಿಕಟ್ಟಿಗೆ ಇಳಿಸಿದಳು. ಕಾಗದವನ್ನು ಮಡಿಸಲಿಲ್ಲ, ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಬ್ಬಿಣದ ಬಾಗಿಲನ್ನು ಭುಜದಿಂದ ತಳ್ಳಿದಾಗ ಹೊರಗಿನ ಬಿಸಿಲೂ ಸಭಾಂಗಣದ ಗದ್ದಲವೂ ಒಟ್ಟಿಗೇ ಒಳನುಗ್ಗಿದವು.

ಅವಳು ಹೊಸ್ತಿಲಲ್ಲಿ ತಿರುಗಿದಳು.

“ಬತ್ತೀನಿ ಸಾ,” ಎಂದಳು, ಹೋದಳು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.